ನಂಬಿಕೆಯ ಊರುಗೋಲು

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಇಡೀ ಮನೆಯ ನಡೆಯೇ ಬದಲಾಗುತ್ತದೆ. ಒಲೆ ಹೊತ್ತಿಸುವ ವೇಳೆ ತಪ್ಪುತ್ತದೆ; ಮಾತು ಮೆಲ್ಲಗಾಗುತ್ತದೆ; ಬಾಗಿಲ ಸಪ್ಪಳವಾದರೆ ವೈದ್ಯರು ಬಂದರೇನೋ ಎಂದು ಎಲ್ಲರೂ ತಲೆಯೆತ್ತುತ್ತಾರೆ. ರೋಗಿಯನ್ನು ನೋಡಲು ಬರುವ ನೆಂಟರಿಷ್ಟರಲ್ಲಿ ಎರಡು ಬಗೆಯವರುಂಟು. ಕೆಲವರು ಗಂಜಿ ಕಾಯಿಸಿ ತರುತ್ತಾರೆ. ರಾತ್ರಿಯೆಲ್ಲ ಎಚ್ಚರವಿದ್ದು ಕಾಲೊತ್ತುತ್ತಾರೆ. ಇನ್ನು ಕೆಲವರು ರೋಗಿಯ ತಲೆದೆಸೆಯಲ್ಲಿ ಕುಳಿತು ಕಾರಣ ಹುಡುಕುತ್ತಾರೆ. ಇದು ಯಾವ ಪಾಪದ ಫಲವೋ, ಯಾವ ಹರಕೆ ಮರೆತದ್ದೋ, ದೇವರಲ್ಲಿ ನಂಬಿಕೆ ಸಾಲದಾಯಿತೋ ಎಂದು ಲೆಕ್ಕ ಹಾಕುತ್ತಾರೆ. ಮೊದಲನೆಯವರು ಬಂದರೆ ರೋಗಿಗೆ ಅರ್ಧ ರೋಗ ಇಳಿದಂತೆ ಹಗುರವಾಗುತ್ತದೆ. ಎರಡನೆಯವರು ಬಂದರೆ ಗಾಯದ ಮೇಲೆ ಬರೆ ಎಳೆದಂತಾಗುತ್ತದೆ.

ರೋಗಕ್ಕೂ ನಂಬಿಕೆಗೂ ಏನು ಸಂಬಂಧ? ನಂಬಿದವನಿಗೆ ರೋಗ ವಾಸಿಯಾಗುವುದೆ? ವಾಸಿಯಾಗದವನು ನಂಬಲಿಲ್ಲವೆಂದು ಅರ್ಥವೆ? ಇವು ಇಂದು ಹುಟ್ಟಿದ ಪ್ರಶ್ನೆಗಳಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಕ್ರೈಸ್ತ ಸುವಾರ್ತೆಗಳಲ್ಲಿ ಈ ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಅಲ್ಲಿರುವ ಸ್ವಸ್ಥತೆಯ ಕಥೆಗಳನ್ನು ಎಚ್ಚರದಿಂದ ಓದಿದರೆ ನಂಬಿಕೆ ಎಂಬ ಮಾತಿಗೆ ನಾವು ಎಣಿಸಿರದ ಅರ್ಥಗಳು ಹೊಳೆಯುತ್ತವೆ. ಯಾವ ಮತದವರಾದರೂ ಇವನ್ನು ಓದಿ ಆಲೋಚಿಸಬಹುದು.

ಸುವಾರ್ತೆ ಎಂದರೆ ಒಳ್ಳೆಯ ಸುದ್ದಿ. ಯೇಸುವಿನ ಬಾಳನ್ನೂ ಬೋಧನೆಯನ್ನೂ ತಿಳಿಸುವ ನಾಲ್ಕು ಗ್ರಂಥಗಳಿಗೆ ಈ ಹೆಸರುಂಟು. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ಹೆಸರುಗಳಲ್ಲಿ ಅವು ಪ್ರಸಿದ್ಧವಾಗಿವೆ. ಯೇಸುವನ್ನು ಶಿಲುಬೆಗೆ ಹಾಕಿದ್ದು ಕ್ರಿ.ಶ. 30ರ ಸುಮಾರಿಗೆ. ಅದಾದ ಕೆಲವು ದಶಕಗಳ ಮೇಲೆ ಈ ಗ್ರಂಥಗಳು ಗ್ರೀಕ್ ಭಾಷೆಯಲ್ಲಿ ರಚಿತವಾದವು. ಇವುಗಳಲ್ಲಿ ಮಾರ್ಕನದು ಮೊದಲನೆಯದೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಕುರುಡರು, ಕುಂಟರು, ಪಾರ್ಶ್ವವಾಯು ಪೀಡಿತರು, ಚರ್ಮರೋಗಿಗಳು, ಜ್ವರದಿಂದ ಬಳಲುವವರು, ಹೀಗೆ ಬಗೆಬಗೆಯ ರೋಗಿಗಳು ಗುಣ ಹೊಂದಿದ ಇಪ್ಪತ್ತಕ್ಕೂ ಮಿಕ್ಕ ಪ್ರಸಂಗಗಳು ಇವುಗಳಲ್ಲಿವೆ.

ಇವೆಲ್ಲ ನಡೆದವೇ ಎಂದು ಯಾರಾದರೂ ಕೇಳಬಹುದು. ಯೇಸು ತನ್ನ ಕಾಲದಲ್ಲಿ ರೋಗ ನಿವಾರಿಸುವವನೆಂದು ಹೆಸರಾಗಿದ್ದನೆಂಬುದನ್ನು ಬಹುಮಂದಿ ಇತಿಹಾಸಕಾರರು ಒಪ್ಪುತ್ತಾರೆ. ಆದರೆ ಪವಾಡವನ್ನು ತೂಗಿ ನೋಡುವ ತಕ್ಕಡಿ ಇತಿಹಾಸಕಾರನ ಬಳಿ ಇಲ್ಲ. ಭಕ್ತರು ಇವನ್ನು ದೇವರ ಶಕ್ತಿಯ ಕಾರ್ಯಗಳೆಂದು ನಂಬುತ್ತಾರೆ. ಇತರರು ಅರ್ಥಪೂರ್ಣವಾದ ಕಥೆಗಳೆಂದು ಓದುತ್ತಾರೆ. ಸುವಾರ್ತೆಗಳ ಮಾತಿನಲ್ಲಿಯೇ ಇದಕ್ಕೊಂದು ಸೂಚನೆಯುಂಟು. ಯೋಹಾನನು ಈ ಕಾರ್ಯಗಳನ್ನು ಹೆಸರಿಸಲು ಬಳಸುವ ಗ್ರೀಕ್ ಪದ ಸೆಮೆಯೊನ್. ಅದಕ್ಕೆ ಗುರುತು, ಸಂಕೇತ ಎಂದು ಅರ್ಥ. ದಾರಿಯ ಬದಿಯ ಕೈಮರ ತನ್ನನ್ನು ತಾನು ತೋರಿಸಿಕೊಳ್ಳುವುದಿಲ್ಲ. ಮುಂದಿನ ಊರನ್ನು ತೋರಿಸುತ್ತದೆ. ಈ ಕಥೆಗಳನ್ನೂ ಹಾಗೆ ಓದಬೇಕೆಂಬುದು ಆ ಬರಹಗಾರನ ಆಶಯ.

ಇನ್ನೊಂದು ಪದವನ್ನೂ ಇಲ್ಲಿಯೇ ಗಮನಿಸೋಣ. ಕನ್ನಡ ಬೈಬಲ್ಲುಗಳಲ್ಲಿ ನಂಬಿಕೆ ಎಂದೋ ವಿಶ್ವಾಸ ಎಂದೋ ಅನುವಾದಗೊಂಡಿರುವ ಮೂಲ ಗ್ರೀಕ್ ಪದ ಪಿಸ್ತಿಸ್. ಭರವಸೆ, ನಿಷ್ಠೆ ಎಂಬ ಅರ್ಥಗಳೂ ಅದಕ್ಕಿವೆ. ನಮ್ಮ ಕನ್ನಡದಲ್ಲಿಯೂ ನಂಬುವುದಕ್ಕೆ ಎರಡು ಮುಖಗಳಿವೆ. ಭೂಮಿ ದುಂಡಗಿದೆ ಎಂದು ನಂಬುವುದು ಒಂದು. ಹೊಳೆ ದಾಟುವಾಗ ಅಂಬಿಗನನ್ನು ನಂಬುವುದು ಇನ್ನೊಂದು. ಮೊದಲನೆಯದು ತಲೆಗೆ ಸಂಬಂಧಿಸಿದ್ದು, ಕುಳಿತಲ್ಲಿಯೇ ನಂಬಬಹುದು. ಎರಡನೆಯದಕ್ಕೆ ಎದ್ದು ಹೋಗಿ ದೋಣಿಯಲ್ಲಿ ಕಾಲಿಡಬೇಕು. ಸುವಾರ್ತೆಯ ರೋಗಿಗಳಲ್ಲಿ ಕಾಣುವ ನಂಬಿಕೆ ಈ ಎರಡನೆಯ ಬಗೆಯದು.

ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಬರುವ ಪ್ರಸಂಗವನ್ನು ನೋಡಿರಿ. ಗಲಿಲಾಯ ಸರೋವರದ ವಾಯವ್ಯ ದಂಡೆಯಲ್ಲಿ ಕಪೆರ್ನೌಮ್ ಎಂಬ ಊರಿತ್ತು. ಅಲ್ಲಿನ ಕಪ್ಪುಕಲ್ಲಿನ ಚಿಕ್ಕ ಚಿಕ್ಕ ಮನೆಗಳ ಅವಶೇಷಗಳು ಉತ್ಖನನದಿಂದ ಬೆಳಕಿಗೆ ಬಂದಿವೆ. ಅಂಥ ಒಂದು ಮನೆಯಲ್ಲಿ ಯೇಸು ಉಪದೇಶಿಸುತ್ತಿದ್ದಾಗ ಬಾಗಿಲ ಹೊರಗೂ ಜನ ಕಿಕ್ಕಿರಿದಿದ್ದರು. ಆಗ ನಾಲ್ವರು ಪಾರ್ಶ್ವವಾಯು ಪೀಡಿತನೊಬ್ಬನನ್ನು ಹಾಸಿಗೆಸಹಿತ ಹೊತ್ತು ತಂದರು. ಒಳಗೆ ಹೋಗಲು ದಾರಿಯಿಲ್ಲ. ಇನ್ನೊಮ್ಮೆ ಬಂದರಾಯಿತೆಂದು ಅವರು ಹಿಂದಿರುಗಬಹುದಾಗಿತ್ತು. ಹಾಗೆ ಮಾಡದೆ ಛಾವಣಿಯ ಮೇಲೆ ಏರಿದರು. ಆ ನಾಡಿನ ಮನೆಗಳಿಗೆ ತೊಲೆಗಳ ಮೇಲೆ ರೆಂಬೆಗಳನ್ನು ಹರಡಿ ಮಣ್ಣು ಮೆತ್ತಿದ ಸಮತಟ್ಟಾದ ಛಾವಣಿ ಇರುತ್ತಿತ್ತು. ಬಯಲುಸೀಮೆಯ ಮಣ್ಣಿನ ಮಾಳಿಗೆಯನ್ನು ಕಂಡವರಿಗೆ ಇದನ್ನು ಊಹಿಸುವುದು ಸುಲಭ. ಅವರು ಆ ಛಾವಣಿಯನ್ನು ತೆರೆದು, ರೋಗಿಯನ್ನು ಹಾಸಿಗೆಸಹಿತ ಯೇಸುವಿನ ಮುಂದೆ ಇಳಿಬಿಟ್ಟರು.

ಇಲ್ಲಿ ಮಾರ್ಕನು ಬಳಸಿರುವ ಒಂದು ಪುಟ್ಟ ಸರ್ವನಾಮವನ್ನು ಗಮನಿಸಬೇಕು. ಯೇಸು ಕಂಡದ್ದು ಅವನ ನಂಬಿಕೆಯನ್ನಲ್ಲ, ಅವರ ನಂಬಿಕೆಯನ್ನು ಎಂದು ಮಾರ್ಕನು ಬರೆಯುತ್ತಾನೆ. ಮಲಗಿದ್ದವನು ಆವರೆಗೆ ಒಂದು ಮಾತನ್ನೂ ಆಡಿರಲಿಲ್ಲ. ಅವನ ಮನಸ್ಸಿನಲ್ಲಿ ಭರವಸೆಯಿತ್ತೋ ಬೇಸರವಿತ್ತೋ ನಮಗೆ ಗೊತ್ತಿಲ್ಲ. ಕಣ್ಣಿಗೆ ಕಂಡದ್ದು ಹೊತ್ತು ತಂದವರ ಬೆವರು, ಮಣ್ಣಾದ ಕೈಗಳು, ತೆರೆದ ಛಾವಣಿ. ರೋಗ ಬಹುಕಾಲ ಕಾಡಿದಾಗ ನಂಬುವ ಶಕ್ತಿಯೂ ಮೈಯ ಶಕ್ತಿಯೊಡನೆ ಕುಗ್ಗುವುದುಂಟು. ಆಗ ಅವನ ಪಾಲಿನ ನಂಬಿಕೆಯನ್ನು ಸುತ್ತಲಿನವರು ಹೊರಬೇಕಾಗುತ್ತದೆ. ಮಂಚದ ನಾಲ್ಕು ಮೂಲೆಗಳಿಗೆ ನಾಲ್ಕು ಹೆಗಲು ಸಿಕ್ಕಂತೆ ನಂಬಿಕೆಗೂ ಹೆಗಲುಗಳು ಸಿಗಬೇಕು.

ಎರಡನೆಯ ಪ್ರಸಂಗ ಇದಕ್ಕೆ ತೀರ ಭಿನ್ನವಾದುದು. ಇಲ್ಲಿ ರೋಗಿಗೆ ಯಾರ ಹೆಗಲೂ ಇಲ್ಲ. ಒಬ್ಬ ಹೆಂಗಸು ಹನ್ನೆರಡು ವರ್ಷಗಳಿಂದ ರಕ್ತಸ್ರಾವದಿಂದ ಬಳಲುತ್ತಿದ್ದಳು. ಅನೇಕ ವೈದ್ಯರಲ್ಲಿಗೆ ಹೋಗಿ ಕೈಯಲ್ಲಿದ್ದುದನ್ನೆಲ್ಲ ಕಳೆದುಕೊಂಡಿದ್ದಳು. ರೋಗ ಮಾತ್ರ ಇನ್ನೂ ಹೆಚ್ಚಿತ್ತು ಎಂದು ಮಾರ್ಕನು ಹೇಳುತ್ತಾನೆ. ಯೆಹೂದ್ಯರ ಧರ್ಮಶಾಸ್ತ್ರದ ಪ್ರಕಾರ ಅಂಥ ಹೆಂಗಸು ಅಶುದ್ಧಳು. ಅವಳು ಮುಟ್ಟಿದ್ದೆಲ್ಲ ಮೈಲಿಗೆ. ಹೀಗಾಗಿ ಹನ್ನೆರಡು ವರ್ಷ ಅವಳು ರೋಗವನ್ನು ಮಾತ್ರವಲ್ಲ, ಒಂಟಿತನವನ್ನೂ ಅನುಭವಿಸಿದ್ದಳು. ಯೇಸುವಿನ ಉಡುಪನ್ನು ಮುಟ್ಟಿದರೂ ಸಾಕೆಂದು ಎಣಿಸಿ, ಜನಸಂದಣಿಯ ನಡುವೆ ಹಿಂದಿನಿಂದ ಬಂದು ಮುಟ್ಟಿದಳು. ಕೂಡಲೇ ರೋಗ ನಿಂತಿತು.

ಕಥೆ ಇಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಯೇಸು ನಿಂತು, ತನ್ನನ್ನು ಮುಟ್ಟಿದವರು ಯಾರೆಂದು ಕೇಳಿದನು. ಎಲ್ಲರೂ ಮೈಮೇಲೆ ಬೀಳುತ್ತಿರುವಾಗ ಇದೆಂಥ ಪ್ರಶ್ನೆ ಎಂದು ಶಿಷ್ಯರಿಗೆ ಸೋಜಿಗವಾಯಿತು. ಹೆಂಗಸು ನಡುಗುತ್ತ ಮುಂದೆ ಬಂದು ನಿಜವನ್ನೆಲ್ಲ ಹೇಳಿದಳು. ಮೈಲಿಗೆ ಮಾಡಿದಳೆಂದು ಗದರಿಕೆ ಬರಬಹುದೆಂಬ ಭಯ ಅವಳಿಗಿದ್ದಿರಬೇಕು. ಯೇಸುವಾದರೋ ಎಲ್ಲರ ಎದುರಿಗೆ ಅವಳನ್ನು ಮಗಳೇ ಎಂದು ಕರೆದು, ಅವಳಿಗೆ ಗುಣವಾದದ್ದು ಅವಳ ನಂಬಿಕೆಯಿಂದಲೇ ಎಂದು ತಿಳಿಸಿದನು. ಅವಳ ನಂಬಿಕೆ ದೊಡ್ಡ ತತ್ವಜ್ಞಾನವೇನೂ ಆಗಿರಲಿಲ್ಲ. ಉಡುಪಿಗೆ ಶಕ್ತಿಯಿದೆಯೆಂಬ ಹಳ್ಳಿಗರ ಎಣಿಕೆಯಂತೆಯೇ ಇತ್ತು. ಯೇಸು ಅದನ್ನು ಹಳಿಯಲಿಲ್ಲ, ತಿದ್ದಲೂ ಹೋಗಲಿಲ್ಲ. ಹೆದರಿಕೆಯ ನಡುವೆಯೂ ಚಾಚಿದ ಆ ಕೈಯನ್ನೇ ನಂಬಿಕೆಯೆಂದು ಕರೆದನು. ಗ್ರೀಕ್ ಮೂಲದಲ್ಲಿ ಇಲ್ಲಿ ಬರುವ ಕ್ರಿಯಾಪದಕ್ಕೆ ಗುಣಪಡಿಸು, ಉದ್ಧರಿಸು ಎಂಬ ಎರಡು ಅರ್ಥಗಳೂ ಇವೆ. ಅವಳ ದೇಹಕ್ಕೆ ಆರೋಗ್ಯ ಹಿಂದಿರುಗಿದ್ದು ಗುಟ್ಟಾಗಿ. ಸಮಾಜದಲ್ಲಿ ಅವಳ ಸ್ಥಾನ ಹಿಂದಿರುಗಿದ್ದು ಬಹಿರಂಗವಾಗಿ. ಎರಡೂ ಕೂಡಿದಾಗಲೇ ಅವಳ ಗುಣ ಪೂರ್ಣವಾಯಿತು.

ನಂಬಿಕೆಯಿದ್ದಲ್ಲಿ ಸಂಶಯಕ್ಕೆ ಎಡೆಯಿಲ್ಲವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಮಾರ್ಕನ ಒಂಬತ್ತನೆಯ ಅಧ್ಯಾಯದ ತಂದೆಯೊಬ್ಬನು ಈ ತಿಳಿವಳಿಕೆಯನ್ನು ಅಲುಗಿಸುತ್ತಾನೆ. ಅವನ ಮಗನಿಗೆ ಚಿಕ್ಕಂದಿನಿಂದ ಒಂದು ಭಯಂಕರ ಬೇನೆ. ಹುಡುಗನು ನೆಲಕ್ಕೆ ಬಿದ್ದು, ಹಲ್ಲು ಕಡಿದು, ನೊರೆ ಸುರಿಸಿ ಮರಗಟ್ಟಿಹೋಗುತ್ತಿದ್ದನು; ಎಷ್ಟೋ ಸಲ ಬೆಂಕಿಗೂ ನೀರಿಗೂ ಬಿದ್ದಿದ್ದನು. ಆ ಕಾಲದವರು ಇದನ್ನು ದೆವ್ವದ ಕಾಟವೆಂದರು. ವರ್ಣನೆಯನ್ನು ಓದಿದರೆ ನಮಗೆ ಮೂರ್ಛೆರೋಗದ ನೆನಪಾಗುತ್ತದೆ. ತಂದೆ ಮೊದಲು ಶಿಷ್ಯರ ಬಳಿಗೆ ಬಂದನು, ಅವರಿಂದಾಗಲಿಲ್ಲ. ಬಳಿಕ ಯೇಸುವಿನ ಬಳಿಗೆ ಬಂದು, ಆದರೆ ಸಹಾಯ ಮಾಡೆಂದು ಬೇಡಿದನು. ನಂಬುವವನಿಗೆ ಎಲ್ಲವೂ ಸಾಧ್ಯವೆಂದು ಯೇಸು ಹೇಳಿದಾಗ ಆ ತಂದೆ ಕೂಗಿಕೊಂಡನು. ತಾನು ನಂಬುತ್ತೇನೆಂದೂ, ತನ್ನಲ್ಲಿರುವ ಅಪನಂಬಿಕೆಯನ್ನು ನೀಗಲು ನೆರವಾಗಬೇಕೆಂದೂ ಒಂದೇ ಉಸಿರಿನಲ್ಲಿ ಹೇಳಿದನು.

ಎಷ್ಟು ಪ್ರಾಮಾಣಿಕವಾದ ಮಾತು! ವರ್ಷಗಟ್ಟಲೆ ಮಗನನ್ನು ಬೆಂಕಿಯಿಂದ ಎಳೆದು ತಂದ ತಂದೆಯ ಎದೆಯಲ್ಲಿ ಸಂಶಯ ಇಲ್ಲದಿರಲು ಸಾಧ್ಯವೆ? ಅವನು ಅದನ್ನು ಮುಚ್ಚಿಡಲಿಲ್ಲ. ಯೇಸುವೂ ಮೊದಲು ಸಂಶಯವನ್ನು ಕಳೆದುಕೊಂಡು ಬಾ ಎಂದು ಅವನನ್ನು ಹಿಂದಕ್ಕೆ ಕಳುಹಿಸಲಿಲ್ಲ. ಹುಡುಗನು ಗುಣವಾದನು. ಇದೇ ಕಥೆಯನ್ನು ಹೇಳುವ ಮತ್ತಾಯನು ಇನ್ನೊಂದು ವಿಷಯವನ್ನು ತಿಳಿಸುತ್ತಾನೆ. ತಮ್ಮಿಂದೇಕೆ ಆಗಲಿಲ್ಲವೆಂದು ಶಿಷ್ಯರು ಕೇಳಿದಾಗ, ಕೊರತೆಯಿದ್ದುದು ಅವರ ನಂಬಿಕೆಯಲ್ಲಿ ಎಂದು ಯೇಸು ಉತ್ತರಿಸಿದನಂತೆ. ನಂಬಿಕೆ ಸಾಲದೆಂಬ ಆಕ್ಷೇಪಣೆ ಇಲ್ಲಿ ಬಂದದ್ದು ಗುಣಪಡಿಸಲು ಹೊರಟವರ ಮೇಲೆ. ನೆಲದ ಮೇಲೆ ಹೊರಳುತ್ತಿದ್ದ ಹುಡುಗನ ಮೇಲಲ್ಲ. ರೋಗಿಯ ತಲೆದೆಸೆಯಲ್ಲಿ ಕುಳಿತು ಅವನ ನಂಬಿಕೆಯನ್ನು ಅಳೆಯುವವರು ಈ ಮಾತನ್ನು ಮನಸ್ಸಿನಲ್ಲಿಡಬೇಕು.

ನಂಬಿಕೆ ಯಾರ ಸೊತ್ತು? ದೇವಾಲಯಕ್ಕೆ ಹತ್ತಿರವಿದ್ದವರದೆ, ಶಾಸ್ತ್ರ ಬಲ್ಲವರದೆ? ಸುವಾರ್ತೆಗಳು ಈ ಪ್ರಶ್ನೆಗೆ ಅನಿರೀಕ್ಷಿತವಾದ ಉತ್ತರ ಕೊಡುತ್ತವೆ. ಕಪೆರ್ನೌಮಿನಲ್ಲಿ ಒಬ್ಬ ಶತಾಧಿಪತಿಯಿದ್ದನು; ಎಂದರೆ ಸುಮಾರು ನೂರು ಸೈನಿಕರ ಮೇಲಿನ ಅಧಿಕಾರಿ. ಅವನು ಯೆಹೂದ್ಯನಲ್ಲ. ತನ್ನ ಆಳಿನ ರೋಗಕ್ಕಾಗಿ ಯೇಸುವಿನ ಸಹಾಯ ಬೇಡಿದನು. ಯೇಸು ತನ್ನ ಮನೆಗೆ ಬರುವಷ್ಟು ಯೋಗ್ಯತೆ ತನಗಿಲ್ಲವೆಂದೂ, ಒಂದು ಮಾತು ಹೇಳಿದರೆ ಸಾಕೆಂದೂ ವಿನಯದಿಂದ ತಿಳಿಸಿದನು. ಇಂಥ ನಂಬಿಕೆಯನ್ನು ತನ್ನ ಜನರಲ್ಲಿಯೂ ಕಂಡಿಲ್ಲವೆಂದು ಯೇಸು ಬೆರಗಾದನು. ಲೂಕನು ಹೇಳುವ ಇನ್ನೊಂದು ಕಥೆಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣ ಹೊಂದುತ್ತಾರೆ. ಹಿಂದಿರುಗಿ ಬಂದು ಕೃತಜ್ಞತೆ ಸಲ್ಲಿಸಿದವನು ಒಬ್ಬನೇ. ಅವನೂ ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು. ಮನುಷ್ಯರು ಎಳೆದ ಗೆರೆಗಳನ್ನು ನಂಬಿಕೆ ಲೆಕ್ಕಿಸುವುದಿಲ್ಲವೆಂಬುದನ್ನು ಈ ಎರಡು ಕಥೆಗಳೂ ತೋರಿಸುತ್ತವೆ.

ಹಾಗಾದರೆ ನಂಬಿಕೆಯಿಲ್ಲದವರು ಗುಣವಾಗುವುದೇ ಇಲ್ಲವೆ? ಯೋಹಾನನ ಐದನೆಯ ಅಧ್ಯಾಯ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಜೆರುಸಲೇಮಿನಲ್ಲಿ ಬೆತೆಸ್ದ ಎಂಬ ಕೊಳವಿತ್ತು. ಅದಕ್ಕೆ ಐದು ಮಂಟಪಸಾಲುಗಳಿದ್ದವು ಎನ್ನುತ್ತಾನೆ ಯೋಹಾನ. ಅಲ್ಲಿನ ಸಂತ ಆನ್ನಳ ಚರ್ಚಿನ ಬಳಿ ನಡೆದ ಉತ್ಖನನದಲ್ಲಿ ಒಂದಕ್ಕೊಂದು ತಾಗಿದ ಎರಡು ದೊಡ್ಡ ಕೊಳಗಳು ಕಂಡುಬಂದಿವೆ. ಆ ಕೊಳದ ದಡದಲ್ಲಿ ಮೂವತ್ತೆಂಟು ವರ್ಷಗಳಿಂದ ರೋಗಿಯಾಗಿದ್ದ ಒಬ್ಬನು ಮಲಗಿದ್ದನು. ಗುಣವಾಗಲು ಇಷ್ಟವಿದೆಯೇ ಎಂದು ಯೇಸು ಕೇಳಿದಾಗ ಅವನು ಹೌದೆಂದೂ ಹೇಳಲಿಲ್ಲ. ನೀರು ಕಲಕಿದಾಗ ತನ್ನನ್ನು ಕೊಳಕ್ಕೆ ಇಳಿಸುವವರು ಯಾರೂ ಇಲ್ಲ, ತನಗಿಂತ ಮೊದಲು ಬೇರೆಯವರು ಇಳಿದುಬಿಡುತ್ತಾರೆ ಎಂದು ತನ್ನ ಸಂಕಟವನ್ನು ತೋಡಿಕೊಂಡನು. ತನ್ನೊಡನೆ ಮಾತನಾಡುತ್ತಿರುವವನು ಯಾರೆಂಬುದೂ ಅವನಿಗೆ ತಿಳಿಯದು. ಅವನಲ್ಲಿ ನಂಬಿಕೆಯ ಒಂದು ಸುಳಿವೂ ಇಲ್ಲ. ಆದರೂ ಅವನು ಎದ್ದು ನಡೆದನು. ಕಪೆರ್ನೌಮಿನ ರೋಗಿಗೆ ನಾಲ್ವರು ಗೆಳೆಯರಿದ್ದರು. ಇವನಿಗೆ ಒಬ್ಬನೂ ಇರಲಿಲ್ಲ. ಯಾರೂ ಇಲ್ಲದವನ ಬಳಿಗೆ ಯೇಸು ತಾನೇ ನಡೆದು ಬಂದನು. ಕರುಣೆ ನಂಬಿಕೆಗಾಗಿ ಕಾದು ಕುಳಿತಿರಲಿಲ್ಲ.

ಇದಕ್ಕೆ ವಿರೋಧವೆಂಬಂತೆ ತೋರುವ ಪ್ರಸಂಗವೂ ಒಂದಿದೆ. ಯೇಸು ತಾನು ಬೆಳೆದ ನಜರೇತಿಗೆ ಬಂದಾಗ, ಇವನು ನಮ್ಮ ಊರಿನ ಬಡಗಿಯಲ್ಲವೆ ಎಂದು ಜನ ತಾತ್ಸಾರ ಮಾಡಿದರು. ಅವರ ಅಪನಂಬಿಕೆಯಿಂದಾಗಿ ಅಲ್ಲಿ ಅವನು ಮಹಾಕಾರ್ಯಗಳನ್ನು ಮಾಡಲಾರದೆ ಹೋದನೆಂದು ಮಾರ್ಕನು ಬರೆದಿದ್ದಾನೆ. ಈ ಮಾತನ್ನೇ ಹಿಡಿದು, ರೋಗ ವಾಸಿಯಾಗದಿದ್ದರೆ ರೋಗಿಯ ತಪ್ಪು ಎನ್ನುವವರುಂಟು. ಆದರೆ ಮಾರ್ಕನ ವಾಕ್ಯ ಅಲ್ಲಿಗೆ ನಿಂತಿಲ್ಲ. ಅಲ್ಲಿಯೂ ಅವನು ಕೆಲವು ರೋಗಿಗಳ ಮೇಲೆ ಕೈಯಿಟ್ಟು ವಾಸಿಮಾಡಿದನೆಂಬ ಮಾತು ಮುಂದೆಯೇ ಇದೆ. ಆಕ್ಷೇಪಣೆಯಿರುವುದು ತಾತ್ಸಾರದಿಂದ ಬಾಗಿಲು ಮುಚ್ಚಿಕೊಂಡ ಊರಿನ ಮೇಲೆ. ನಾಲ್ಕು ಸುವಾರ್ತೆಗಳನ್ನು ಹುಡುಕಿದರೂ, ನಿನಗೆ ನಂಬಿಕೆ ಸಾಲದು ಎಂದು ಯೇಸು ಒಬ್ಬ ರೋಗಿಯನ್ನಾದರೂ ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಿದ ಪ್ರಸಂಗ ಸಿಕ್ಕುವುದಿಲ್ಲ.

ಪಾಪದ ಮಾತೂ ಹಾಗೆಯೇ. ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು, ಇವನು ಹೀಗೆ ಹುಟ್ಟಲು ಕಾರಣ ಇವನ ಪಾಪವೋ ತಂದೆತಾಯಿಗಳ ಪಾಪವೋ ಎಂದು ಕೇಳಿದರು. ಅವರ ಕಣ್ಣಿಗೆ ಅವನು ಚರ್ಚೆಯ ವಿಷಯ. ಯೇಸು ಇಬ್ಬರ ಪಾಪವೂ ಅಲ್ಲವೆಂದು ಆ ಚರ್ಚೆಯನ್ನು ಕಡಿದುಹಾಕಿದನು. ಕೆಸರು ಕಲಸಿ ಅವನ ಕಣ್ಣಿಗೆ ಹಚ್ಚಿ, ಸಿಲೋವ ಕೊಳದಲ್ಲಿ ತೊಳೆದುಕೊಳ್ಳಲು ಕಳುಹಿಸಿದನು. ಆ ಕೊಳದ್ದೆಂದು ವಿದ್ವಾಂಸರು ಗುರುತಿಸಿದ ಕಲ್ಲಿನ ಮೆಟ್ಟಿಲುಗಳು 2004ರಲ್ಲಿ ಜೆರುಸಲೇಮಿನಲ್ಲಿ ಬೆಳಕಿಗೆ ಬಂದವು. ಕುರುಡನಿಗೆ ಕಣ್ಣು ಬಂದದ್ದು ಮೊದಲು. ನಂಬಿಕೆ ಬಂದದ್ದು ಆಮೇಲೆ, ಅದೂ ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಯೇಸು ಎಂಬ ಮನುಷ್ಯ ಎಂದನು. ಬಳಿಕ ಪ್ರವಾದಿ ಎಂದನು. ಸಭಾಮಂದಿರದ ಹಿರಿಯರು ಅವನನ್ನು ಹೊರಗಟ್ಟಿದ ಮೇಲೆ ಪೂರ್ಣವಾಗಿ ನಂಬಿದನು. ಕೆಲವರ ನಂಬಿಕೆ ಹೀಗೆ ನಿಧಾನವಾಗಿ ಬೆಳೆಯುತ್ತದೆ.

ಎಲ್ಲ ನಂಬಿಕೆಯೂ ಸ್ವಸ್ಥತೆಯಲ್ಲಿಯೇ ಮುಗಿಯುವುದಿಲ್ಲವೆಂಬುದನ್ನೂ ಕ್ರೈಸ್ತ ಧರ್ಮಗ್ರಂಥ ಮರೆಮಾಚಿಲ್ಲ. ಅನೇಕ ಕಡೆ ಕ್ರೈಸ್ತ ಸಭೆಗಳನ್ನು ಕಟ್ಟಿದ ಪೌಲನು ತನ್ನ ದೇಹದಲ್ಲಿ ಮುಳ್ಳಿನಂಥ ಒಂದು ಬಾಧೆಯಿತ್ತೆಂದೂ, ಅದು ತೊಲಗಲೆಂದು ಮೂರು ಸಲ ಪ್ರಾರ್ಥಿಸಿದರೂ ತೊಲಗಲಿಲ್ಲವೆಂದೂ ಬರೆದುಕೊಂಡಿದ್ದಾನೆ. ಯೇಸುವೇ ತನ್ನ ಮರಣದ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ, ಬರಲಿರುವ ಸಂಕಟ ತಪ್ಪಲೆಂದು ಬೇಡಿದನು, ತಪ್ಪಲಿಲ್ಲ. ಇವರಿಬ್ಬರಿಗೂ ನಂಬಿಕೆಯಿರಲಿಲ್ಲವೆಂದು ಯಾವ ಕ್ರೈಸ್ತನೂ ಹೇಳಲಾರನು. ನಂಬಿಕೆ ಇಲ್ಲಿ ಬೇನೆಯನ್ನು ನೀಗಿಸಲಿಲ್ಲ; ಬೇನೆಯೊಡನೆ ನಡೆಯುವ ಬಲವನ್ನು ಕೊಟ್ಟಿತು. ಆದುದರಿಂದ ನಂಬಿಕೆಯನ್ನು ಅಳತೆಗೋಲಾಗಿ ಹಿಡಿದು ಇನ್ನೊಬ್ಬರನ್ನು ಅಳೆಯುವುದು ತಪ್ಪು. ಅದು ನಡೆಯುವವನ ಕೈಗೆ ಆಸರೆಯಾಗುವ ಊರುಗೋಲು. ಊರುಗೋಲನ್ನು ಕೊಡಬಹುದು, ಹಿಡಿಯಬಹುದು. ಅದರಿಂದ ಬಿದ್ದವನನ್ನು ಹೊಡೆಯಬಾರದು.

ನಂಬಿಕೆಯಿರುವವನಿಗೆ ಔಷಧ ಬೇಡವೆಂಬ ಮಾತಿಗೂ ಈ ಕಥೆಗಳಲ್ಲಿ ಆಧಾರವಿಲ್ಲ. ಲೂಕನು ವೈದ್ಯನಾಗಿದ್ದನೆಂಬುದು ಕ್ರೈಸ್ತ ಸಂಪ್ರದಾಯ. ರಕ್ತಸ್ರಾವದ ಹೆಂಗಸಿಗೆ ವೈದ್ಯರ ಕೈಯಲ್ಲಿ ರೋಗ ಹೆಚ್ಚಿತೆಂಬ ಮಾರ್ಕನ ಮಾತನ್ನು ಅವನು ತನ್ನ ಗ್ರಂಥದಲ್ಲಿ ಬಿಟ್ಟಿರುವುದನ್ನು ಕಂಡು ಓದುಗರು ಮುಗುಳ್ನಗುವುದುಂಟು. ದರೋಡೆಗೊಳಗಾದವನ ಕಥೆಯನ್ನು ಯೇಸು ಹೇಳಿದಾಗ, ಅದರಲ್ಲಿ ಬರುವ ಸಮಾರ್ಯದವನು ಪ್ರಾರ್ಥಿಸಿ ಮುಂದೆ ಹೋಗಲಿಲ್ಲ. ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹಾಕಿ ಕಟ್ಟಿದನು, ತನ್ನ ವಾಹನದ ಮೇಲೆ ಕೂಡಿಸಿದನು, ಛತ್ರದವನಿಗೆ ಹಣ ಕೊಟ್ಟನು.

ಕುಷ್ಠರೋಗದ ಇತಿಹಾಸ ಈ ಮಾತಿಗೆ ಒಳ್ಳೆಯ ನಿದರ್ಶನ. ಸುವಾರ್ತೆಗಳ ಕಾಲದಲ್ಲಿ ಹಲವು ಬಗೆಯ ಚರ್ಮರೋಗಗಳಿಗೆ ಒಂದೇ ಹೆಸರಿತ್ತು. ಅಂಥವರು ಊರ ಹೊರಗೆ ಇರಬೇಕಾಗಿತ್ತು. ಮಾರ್ಕನ ಮೊದಲನೆಯ ಅಧ್ಯಾಯದಲ್ಲಿ ಅಂಥ ಒಬ್ಬನು ಬಂದು ಮೊಣಕಾಲೂರಿದಾಗ ಯೇಸು ಮಾಡಿದ ಮೊದಲ ಕೆಲಸವೆಂದರೆ ಕೈಚಾಚಿ ಅವನನ್ನು ಮುಟ್ಟಿದ್ದು. ಆ ಒಂದು ಸ್ಪರ್ಶ ಮುಂದೆ ಎಷ್ಟೋ ಮಂದಿಗೆ ಪ್ರೇರಣೆಯಾಯಿತು. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿ ಮೂಲದ ಪಾದ್ರಿ ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಬಡವರಿಗಾಗಿ ಔಷಧಾಲಯವನ್ನು ತೆರೆದರು. ಮುಂದೆ ಕುಷ್ಠರೋಗಿಗಳಿಗೂ ಅಲ್ಲಿ ಆಶ್ರಯ ಕಲ್ಪಿಸಿದರು. ಅವರ ಹೆಸರಿನ ಸಂಸ್ಥೆ ಇಂದು ದೊಡ್ಡ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ಬೆಳೆದಿದೆ. ಇತ್ತ ವಿಜ್ಞಾನವೂ ತನ್ನ ದಾರಿಯಲ್ಲಿ ನಡೆಯಿತು. 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸನ್ ಕುಷ್ಠದ ರೋಗಾಣುವನ್ನು ಗುರುತಿಸಿದನು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಇಂದು ಕುಷ್ಠ ಪೂರ್ಣವಾಗಿ ವಾಸಿಯಾಗುವ ರೋಗ.

ಆದರೆ ಮಾತ್ರೆಗಳು ರೋಗಾಣುವನ್ನು ಕೊಲ್ಲಬಲ್ಲವು. ನೆರೆಯವರ ಮನಸ್ಸಿನ ಅಂಜಿಕೆಯನ್ನು ಕೊಲ್ಲಲಾರವು. ಕುಷ್ಠರೋಗವನ್ನು ಕಾರಣವಾಗಿ ತೋರಿಸಿ ವಿವಾಹ ವಿಚ್ಛೇದನ ಪಡೆಯುವ ಅವಕಾಶ ನಮ್ಮ ದೇಶದ ಕೆಲವು ಕಾನೂನುಗಳಿಂದ ತೊಲಗಿದ್ದು 2019ರಲ್ಲಿ. ಚಿಕಿತ್ಸೆ ದೊರೆತು ಎಷ್ಟೋ ವರ್ಷಗಳಾದ ಮೇಲೂ ಕೈಚಾಚಿ ಮುಟ್ಟುವ ಕೆಲಸ ಉಳಿದೇ ಇತ್ತು ಎಂಬುದನ್ನು ಇದು ತೋರಿಸುತ್ತದೆ.

ಯೇಸುವಿನ ಸ್ವಸ್ಥತೆಯ ಕಥೆಗಳಲ್ಲಿ ಪವಾಡ ಮಾಡುವ ಶಕ್ತಿ ನಮ್ಮ ಕೈಗೆ ಸಿಕ್ಕುವಂಥದಲ್ಲ. ಆದರೆ ಆ ಕಥೆಗಳಲ್ಲಿ ಬರುವ ಇತರ ಕೆಲಸಗಳೆಲ್ಲ ನಮ್ಮಿಂದ ಆಗುವಂಥವೇ. ಹಾಸಿಗೆಯ ಒಂದು ಮೂಲೆಯನ್ನು ಹಿಡಿಯಬಹುದು. ಕಾರಣ ಕೇಳುವ ಮೊದಲು ನೀರು ಕೊಡಬಹುದು. ಎಲ್ಲರೂ ದೂರವಿಟ್ಟವರನ್ನು ಅಕ್ಕ, ತಮ್ಮ ಎಂದು ಕರೆಯಬಹುದು. ನಿಮ್ಮ ತರಗತಿಯಲ್ಲಿಯೇ ಬಹುದಿನ ಕಾಯಿಲೆಯಿಂದ ಶಾಲೆಗೆ ಬಾರದ ಒಬ್ಬ ಸಹಪಾಠಿ ಇರಬಹುದು. ಮೂರ್ಛೆ ಬರುತ್ತದೆಂದು ಇತರರು ಹತ್ತಿರ ಕೂರಲು ಅಂಜುವ ಒಬ್ಬ ಹುಡುಗಿ ಇರಬಹುದು. ನೀರು ಕಲಕಿದಾಗ ತಮ್ಮನ್ನು ಇಳಿಸುವವರು ಯಾರೂ ಇಲ್ಲವೆಂದು ಅವರು ಎಣಿಸದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಅಭ್ಯಾಸ

1. ನಂಬುವುದಕ್ಕೆ ಎರಡು ಮುಖಗಳಿವೆ ಎಂಬುದನ್ನು ಲೇಖಕರು ಯಾವ ಉದಾಹರಣೆಗಳಿಂದ ವಿವರಿಸಿದ್ದಾರೆ?

2. ಕಪೆರ್ನೌಮಿನ ಪ್ರಸಂಗದಲ್ಲಿ ಯೇಸು ಕಂಡದ್ದು ಯಾರ ನಂಬಿಕೆಯನ್ನು? ಅದರಿಂದ ನಾವು ತಿಳಿಯಬೇಕಾದುದೇನು?

3. ರಕ್ತಸ್ರಾವದಿಂದ ಬಳಲುತ್ತಿದ್ದ ಹೆಂಗಸಿನ ಗುಣ ಪೂರ್ಣವಾದದ್ದು ಯಾವಾಗ? ಏಕೆ?

4. ಮೂರ್ಛೆಯ ಹುಡುಗನ ತಂದೆಯ ಮಾತನ್ನು ಪ್ರಾಮಾಣಿಕವೆಂದು ಕರೆಯಲು ಕಾರಣವೇನು?

5. ಕಪೆರ್ನೌಮಿನ ರೋಗಿಗೂ ಬೆತೆಸ್ದದ ರೋಗಿಗೂ ಇರುವ ವ್ಯತ್ಯಾಸವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.

6. ನಂಬಿಕೆಯನ್ನು ಅಳತೆಗೋಲಾಗಿ ಬಳಸುವುದಕ್ಕೂ ಊರುಗೋಲಾಗಿ ಹಿಡಿಯುವುದಕ್ಕೂ ಇರುವ ಭೇದವನ್ನು ಪಾಠದ ಎರಡು ಪ್ರಸಂಗಗಳ ಆಧಾರದಿಂದ ವಿವರಿಸಿರಿ.